ನಮ್ಮ ಬಿಇಒ, ಡಿಡಿಪಿಐಗಳು ಕೆಲಸ ಕಲಿಯೋದು ಎಲ್ಲಿ?

ಮಧ್ಯಾಹ್ನ 3 ಗಂಟೆಗೆ ಮೇಲಧಿಕಾರಿಗಳ ವಿಸಿ (ವಿಡಿಯೊ ಕಾನ್ಫರೆನ್ಸ್) ಅಂತ ಬೆಳಿಗ್ಗೆಯೇ ಗ್ರೂಪಿಗೆ ಮೆಸೇಜ್ ಬಂದಿತ್ತು. ತಾಲ್ಲೂಕು ಕೇಂದ್ರದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ. ಬಿಇಒ ಮೇಡಂ ಮುಂದೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಶಿಕ್ಷಣ ಸಂಯೋಜಕರು ಬರೆದುಕೊಟ್ಟ ಅಂಕಿಅಂಶದ ಹಾಳೆ. ಫ್ಯಾನಿನ ಗಾಳಿಗೆ ಹಾರದಿರಲಿ ಅಂತ ಅದರ ಮೇಲೆ ಕಚೇರಿಯ ಸೀಲು. ನಾನು ಆಗ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ಏನಾದರೂ ಅಂಕಿ ಕೇಳಿದರೆ ಥಟ್ಟನೆ ಹುಡುಕಿಕೊಡಲಿ ಅಂತ ನನ್ನನ್ನೂ ಕೂರಿಸಿಕೊಂಡಿದ್ದರು.

ಒಂದು ಗಂಟೆಗೂ ಜಾಸ್ತಿ ಕಾದ ಮೇಲೆ ನಮ್ಮ ತಾಲ್ಲೂಕಿನ ಸರದಿ ಬಂತು. ‘ಮಕ್ಕಳ ಹಾಜರಾತಿಯಲ್ಲಿ ನೀವು ಯಾಕೆ ಕೊನೆಯಲ್ಲಿದ್ದೀರಿ ಮೇಡಂ?’ ‘ಕ್ರಮ ತಗೊಳ್ತೀವಿ ಸರ್.’ ಮೈಕ್ ಆಫ್. ಮುಂದಿನ ತಾಲ್ಲೂಕು.

ಅದೇ ಸಭೆಯಲ್ಲಿ ಪಕ್ಕದ ತಾಲ್ಲೂಕಿನ ಬಿಇಒ ಅವರಿಗೆ ಶಹಬ್ಬಾಸ್ ಸಿಕ್ಕಿತು. ಅವರಲ್ಲಿ ಹಾಜರಾತಿ ಚೆನ್ನಾಗಿ ಏರಿತ್ತು. ಹೇಗೆ ಏರಿತು ಅಂತ ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಮೇಡಂ ಡೈರಿಯಲ್ಲಿ ಆ ತಾಲ್ಲೂಕಿನ ಹೆಸರು ಬರೆದು ಎದುರಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ನನಗೆ ಕಾಣಿಸಿತು.

‘ಫೋನ್ ಮಾಡಿ ಕೇಳಬಹುದಲ್ವಾ ಮೇಡಂ?’ ಅಂದೆ.

‘ಕೇಳಬಹುದು. ಆದ್ರೆ ಏನಂತ ಕೇಳಲಿ? ನನ್ನ ಕೈಲಿ ಆಗ್ತಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ.’

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಸರ್ಕಾರಿ ಶಾಲೆಗಳ ಬಗ್ಗೆ ನಾವು ದಿನಾ ಮಾತಾಡುತ್ತೇವೆ. ಮೇಷ್ಟ್ರು ಸಾಕಷ್ಟಿಲ್ಲ, ಕೊಠಡಿ ಸೋರುತ್ತಿದೆ, ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಿದ್ದಾರೆ ಅಂತ. ಈ ಶಾಲೆಗಳನ್ನು ನಡೆಸುವ ತಾಲ್ಲೂಕು ಮತ್ತು ಜಿಲ್ಲಾ ಅಧಿಕಾರಿಗಳು ತಮ್ಮ ಕೆಲಸವನ್ನು ಯಾರಿಂದ ಕಲಿಯುತ್ತಾರೆ, ಸಿಕ್ಕಿಹಾಕಿಕೊಂಡಾಗ ಯಾರನ್ನು ಕೇಳುತ್ತಾರೆ ಅನ್ನುವ ಪ್ರಶ್ನೆ ಮಾತ್ರ ಅಷ್ಟಾಗಿ ಬರುವುದೇ ಇಲ್ಲ. ನನ್ನ ಅನುಭವದಲ್ಲಿ ಇದು ತುಂಬಾ ದೊಡ್ಡ ಕೊರತೆ. ನಮ್ಮ ಅಧಿಕಾರಿಗಳಿಗೆ ಲೆಕ್ಕ ಒಪ್ಪಿಸುವ ಸಭೆಗಳು ಬೇಕಾದಷ್ಟಿವೆ. ಕಲಿಯುವ ಸಭೆ ಒಂದೂ ಇಲ್ಲ. ಎರಡೂ ಒಂದೇ ಅಂತ ನಾವು ಅಂದುಕೊಂಡಿದ್ದೇವೆ.

ಒಂದೇ ರಾತ್ರಿಯಲ್ಲಿ ಮುನ್ನೂರು ಶಾಲೆ

ಮೊದಲು ಈ ಅಧಿಕಾರಿಗಳು ಯಾರು ಅಂತ ನೋಡೋಣ. ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31. ಶೈಕ್ಷಣಿಕ ಜಿಲ್ಲೆಗಳು 35. ಬೆಳಗಾವಿಯಿಂದ ಚಿಕ್ಕೋಡಿ, ತುಮಕೂರಿನಿಂದ ಮಧುಗಿರಿ, ಉತ್ತರ ಕನ್ನಡದಿಂದ ಶಿರಸಿ ಬೇರೆಯಾಗಿವೆ. ಬೆಂಗಳೂರು ನಗರ ಉತ್ತರ, ದಕ್ಷಿಣ ಅಂತ ಎರಡಾಗಿದೆ. ಪ್ರತಿ ಶೈಕ್ಷಣಿಕ ಜಿಲ್ಲೆಗೂ ಆಡಳಿತ ನೋಡಿಕೊಳ್ಳುವ ಒಬ್ಬರು ಉಪನಿರ್ದೇಶಕರು, ಅಂದರೆ ಡಿಡಿಪಿಐ. ‘ಅಭಿವೃದ್ಧಿ’ ಅನ್ನುವ ಹೆಸರಿನ ಇನ್ನೊಬ್ಬ ಉಪನಿರ್ದೇಶಕರು ಡಯಟ್‌ನ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ, ಪ್ರಾಂಶುಪಾಲರಾಗಿರುತ್ತಾರೆ. ಇವರ ಕೆಳಗೆ 200ಕ್ಕೂ ಹೆಚ್ಚು ಶೈಕ್ಷಣಿಕ ತಾಲ್ಲೂಕುಗಳು, ಒಂದೊಂದಕ್ಕೂ ಒಬ್ಬರು ಬಿಇಒ. ರಾಜ್ಯದ 46 ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳ ದಿನನಿತ್ಯದ ಭಾರ ಇವರ ಮೇಲಿದೆ. ಜೊತೆಗೆ ಅನುದಾನಿತ, ಖಾಸಗಿ ಶಾಲೆಗಳ ಉಸ್ತುವಾರಿ.

ಇವರಲ್ಲಿ ಬಹಳ ಮಂದಿ ಮೊದಲು ಮೇಷ್ಟ್ರು. ಹೈಸ್ಕೂಲಿನಲ್ಲಿ ಪಾಠ ಮಾಡಿ, ಮುಖ್ಯಶಿಕ್ಷಕರಾಗಿ, ಆಮೇಲೆ ಆಡಳಿತಕ್ಕೆ ಬಂದವರು. ನಿನ್ನೆಯವರೆಗೆ ಒಂದು ಶಾಲೆ, ಹತ್ತು ಹನ್ನೆರಡು ಶಿಕ್ಷಕರು. ಇವತ್ತು ಇನ್ನೂರು ಮುನ್ನೂರು ಶಾಲೆ, ಸಾವಿರ ಶಿಕ್ಷಕರು. ಆದೇಶ ಕೈಗೆ ಬರುತ್ತದೆ, ಹಳೆಯ ಅಧಿಕಾರಿ ಚಾರ್ಜ್ ಕೊಡುತ್ತಾರೆ, ಒಂದು ಹಾರ, ಒಂದು ಫೋಟೊ. ಮಾರನೇ ದಿನ ಬೆಳಿಗ್ಗೆಯಿಂದಲೇ ಮೇಜಿನ ಮೇಲೆ ಕಡತಗಳು. ಅತಿಥಿ ಶಿಕ್ಷಕರ ಸಂಬಳ, ಕೋರ್ಟ್ ಕೇಸು, ಮಾಹಿತಿ ಹಕ್ಕಿನ ಅರ್ಜಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಜಗಳ, ಬಿಸಿಯೂಟದ ಮೊಟ್ಟೆ, ಯುಡೈಸ್ ಅನ್ನುವ ಶಾಲಾ ಅಂಕಿಅಂಶ, ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆ.

ಇದನ್ನೆಲ್ಲ ಹೇಗೆ ನಿಭಾಯಿಸಬೇಕು ಅಂತ ಹೇಳಿಕೊಡುವವರು ಯಾರು? ನಿಜ ಹೇಳಬೇಕೆಂದರೆ ಕಚೇರಿಯ ಹಳೆಯ ಗುಮಾಸ್ತರು. ನಿಯಮ, ನಮೂನೆ, ಟಿಪ್ಪಣಿ ಬರೆಯುವ ಬಗೆ ಅವರಿಗೆ ಗೊತ್ತು. ಅವರಿಂದ ಕಲಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಾಲ್ಕನೇ ತರಗತಿಯ ಮಗು ಯಾಕೆ ಓದುತ್ತಿಲ್ಲ, ಆ ಶಾಲೆಗೆ ಸಿಆರ್‌ಪಿ (ಹತ್ತಿಪ್ಪತ್ತು ಶಾಲೆಗಳ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಹೋದಾಗ ಏನು ನೋಡಬೇಕು, ಒಬ್ಬ ಸೋತ ಮುಖ್ಯಶಿಕ್ಷಕರನ್ನು ಮತ್ತೆ ಎದ್ದು ನಿಲ್ಲಿಸುವುದು ಹೇಗೆ ಅನ್ನುವುದಕ್ಕೆ ಕಡತದಲ್ಲಿ ಉತ್ತರ ಸಿಗುವುದಿಲ್ಲ. ಹಾಗಾಗಿ ಹೊಸ ಬಿಇಒ ಬಹಳ ಬೇಗ ಕಡತದ ಕಡೆಗೆ ವಾಲುತ್ತಾರೆ. ಅಲ್ಲಿ ಕಲಿಸುವವರಿದ್ದಾರೆ, ಶಾಲೆಯ ಕಡೆ ಇಲ್ಲ.

ಸಂಸ್ಥೆಗಳೇ ಇಲ್ಲ ಅಂತಲ್ಲ. ಇಂಥ ಅಧಿಕಾರಿಗಳಿಗೆ ವಿಶೇಷ ತರಬೇತಿ ಬೇಕು ಅಂತ 1964-66ರ ಕೊಠಾರಿ ಆಯೋಗವೇ ಹೇಳಿತ್ತು. ಅವರಿಗಾಗಿ ರಾಷ್ಟ್ರೀಯ ಮಟ್ಟದ ಸಿಬ್ಬಂದಿ ಕಾಲೇಜು ಬೇಕು ಅಂತ ಶಿಫಾರಸು ಮಾಡಿತ್ತು. ಇವತ್ತು ದೆಹಲಿಯಲ್ಲಿ ಶಿಕ್ಷಣ ಯೋಜನೆ, ಆಡಳಿತದ ರಾಷ್ಟ್ರೀಯ ಸಂಸ್ಥೆ ನೀಪಾ ಇದೆ. ಜಿಲ್ಲಾ ಶಿಕ್ಷಣಾಧಿಕಾರಿಗಳಿಗೆಂದೇ ಡಿಪ್ಲೊಮಾ ಕೋರ್ಸನ್ನು ದಶಕಗಳಿಂದ ನಡೆಸಿದೆ. 2012ರಲ್ಲಿ ಅಲ್ಲಿ ಶಾಲಾ ನಾಯಕತ್ವದ ರಾಷ್ಟ್ರೀಯ ಕೇಂದ್ರವೂ ಶುರುವಾಯಿತು. 2014ರಿಂದ ಜಿಲ್ಲಾ, ತಾಲ್ಲೂಕು ಅಧಿಕಾರಿಗಳ ಒಳ್ಳೆಯ ಪ್ರಯೋಗಗಳಿಗೆ ಪ್ರಶಸ್ತಿ ಕೊಡುತ್ತಾ ಬಂದಿದ್ದಾರೆ. ನಮ್ಮಲ್ಲಿ ಶೈಕ್ಷಣಿಕ ಆಡಳಿತದ ತರಬೇತಿಗೆ ಧಾರವಾಡದಲ್ಲಿ ಸಿಸ್ಲೆಪ್ ಇದೆ, ಬೆಂಗಳೂರಿನಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಇದೆ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ಡಯಟ್‌ಗಳು ಕೂಡಿಗೆ, ಕುಮಟಾ, ಇಳಕಲ್, ಕಮಲಾಪುರದಂಥ ಊರುಗಳಲ್ಲೂ ಇವೆ.

ಆದರೆ ಒಬ್ಬ ಬಿಇಒ ಇಲ್ಲಿಗೆಲ್ಲ ಹೋಗುವುದು ಎಷ್ಟೋ ವರ್ಷಕ್ಕೊಮ್ಮೆ. ಹೋದರೂ ಮೂರು ದಿನ, ಐದು ದಿನ. ಅಲ್ಲಿ ಕೇಳಿದ ಉಪನ್ಯಾಸ ಅಲ್ಲೇ ಉಳಿಯುತ್ತದೆ. ಮರಳಿ ಬಂದ ಮೇಲೆ ‘ಏನು ಕಲಿತಿರಿ, ಎಲ್ಲಿ ಮಾಡಿ ನೋಡಿದಿರಿ’ ಅಂತ ಕೇಳುವವರು ಇರುವುದಿಲ್ಲ. 2020ರ ರಾಷ್ಟ್ರೀಯ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಕೆ ಬೇಕು ಅಂದಿತು. ಮುಖ್ಯಶಿಕ್ಷಕರಿಗೂ ಶಾಲಾ ಸಂಕೀರ್ಣದ (ಹತ್ತಿರದ ಶಾಲೆಗಳ ಗುಂಪಿನ) ಮುಖ್ಯಸ್ಥರಿಗೂ ಅಷ್ಟೇ ಅಂದಿತು. ಅವರೆಲ್ಲರ ಮೇಲಿರುವ ಬಿಇಒ, ಡಿಡಿಪಿಐಗಳಿಗೆ ಮಾತ್ರ ಹೀಗೆ ಗಂಟೆ ಗೊತ್ತುಮಾಡಿಲ್ಲ. ಮೇಲೆ ಹೋದಷ್ಟೂ ಕಲಿಯುವುದು ಮುಗಿದಿರುತ್ತದೆ ಅನ್ನುವ ಭಾವನೆ ನಮ್ಮ ವ್ಯವಸ್ಥೆಯಲ್ಲಿ ಆಳವಾಗಿ ಕೂತಿದೆ.

ಹೆಗ್ಗಡದೇವನಕೋಟೆಯಿಂದ ಹೊರಟ ಪಯಣ

ಒಬ್ಬರಿಂದೊಬ್ಬರು ನೋಡಿ ಕಲಿಯುವುದು ನಮಗೆ ಹೊಸದೇ? ಖಂಡಿತ ಅಲ್ಲ. ನಮ್ಮ ಶಾಲೆಗಳಲ್ಲಿ ಆದ ದೊಡ್ಡ ಬದಲಾವಣೆಗಳಲ್ಲಿ ಒಂದು ಹುಟ್ಟಿದ್ದೇ ಹಾಗೆ. ಚಟುವಟಿಕೆಯ ಮೂಲಕ ಕಲಿಯುವ ನಲಿಕಲಿ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದಷ್ಟು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋದರು. ಯುನಿಸೆಫ್ ನೆರವಿತ್ತು. ಅಲ್ಲಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಚಿಕ್ಕಚಿಕ್ಕ ಶಾಲೆಗಳು. ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು. ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಒಪ್ಪಿಸುವುದಿಲ್ಲ. ಮಕ್ಕಳು ಗುಂಪಾಗಿ ಕೂತು ಕಾರ್ಡು ತೆಗೆದುಕೊಂಡು, ತಮ್ಮ ಮೆಟ್ಟಿಲು ಯಾವುದು ಅಂತ ನೋಡಿಕೊಂಡು, ತಮ್ಮ ವೇಗದಲ್ಲಿ ಕಲಿಯುತ್ತಿದ್ದಾರೆ. ನಮ್ಮ ಶಿಕ್ಷಕರು ಅದನ್ನು ಕಣ್ಣಾರೆ ನೋಡಿದರು.

ವಾಪಸ್ ಬಂದು ಏನು ಮಾಡಿದರು ಅನ್ನುವುದು ಇನ್ನೂ ಮುಖ್ಯ. ಅಲ್ಲಿನ ಕಾರ್ಡುಗಳನ್ನು ತಂದು ಅಂಟಿಸಲಿಲ್ಲ. ತಮ್ಮ ಊರಿನ ಹಾಡು, ತಮ್ಮ ಮಕ್ಕಳಿಗೆ ಗೊತ್ತಿರುವ ಪದ, ಆಟ ಹಾಕಿ ತಾವೇ ಬರೆದರು. ತರಗತಿಯಲ್ಲಿ ಬಳಸಿ ನೋಡಿದರು. ಸರಿ ಬರದಿದ್ದನ್ನು ಬದಲಿಸಿದರು. ತಮ್ಮಂಥದ್ದೇ ಇನ್ನೊಂದು ಶಾಲೆಗೆ ಹೋಗಿ ಮಾತಾಡಿದರು. ಇದಕ್ಕೆ ಅಡ್ಡ ಬಾರದೆ, ರಜೆ ಕೊಟ್ಟು, ಹಣ ಹೊಂದಿಸಿ, ‘ಪಾಠಪುಸ್ತಕ ಯಾಕೆ ಬಿಟ್ಟಿರಿ’ ಅಂತ ಗದರದೆ ಜೊತೆ ನಿಂತ ಅಧಿಕಾರಿಗಳಿದ್ದರು. ಅವರಿಲ್ಲದಿದ್ದರೆ ಇದು ಕೋಟೆ ತಾಲ್ಲೂಕಿನಲ್ಲಿ ಒಂದು ತಿಂಗಳೂ ಉಳಿಯುತ್ತಿರಲಿಲ್ಲ.

ಆಮೇಲೆ ನಲಿಕಲಿ ಬೆಳೆಯಿತು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ಬಂದದ್ದು ಹೇಗೆ? ಸುತ್ತೋಲೆಯ ಮೂಲಕ. ಕಾರ್ಡುಗಳು ಪೆಟ್ಟಿಗೆಯಲ್ಲಿ ಬಂದವು. ರಾಜ್ಯದಲ್ಲಿ ಒಂದಿಷ್ಟು ಜನರಿಗೆ ತರಬೇತಿ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಿಕ್ಷಕರಿಗೆ. ಕೋಟೆಯ ಶಿಕ್ಷಕರಿಗೆ ಸ್ವಂತ ಹುಡುಕಾಟವಾಗಿದ್ದದ್ದು ಎಷ್ಟೋ ಕಡೆ ಮೇಲಿನಿಂದ ಬಂದ ಆದೇಶವಾಯಿತು. ಅದನ್ನು ನೋಡಿಕೊಳ್ಳಬೇಕಾದ ಅಧಿಕಾರಿಗಳಲ್ಲಿ ಬಹಳ ಮಂದಿ ಒಂದು ನಲಿಕಲಿ ತರಗತಿಯಲ್ಲಿ ಪೂರ್ತಿ ಹೊತ್ತು ಕೂತೇ ಇರಲಿಲ್ಲ. ಮಕ್ಕಳ ಕೆಲಸ ನೇತುಹಾಕುವ ಚಪ್ಪರ ಕಟ್ಟಿದ್ದಾರಾ, ಮಕ್ಕಳ ಪ್ರಗತಿ ನೋಟ ಬರೆದಿದ್ದಾರಾ ಅಂತ ನೋಡಿ ಸಹಿ ಹಾಕಿ ಹೊರಟರು. ಬೇರೆ ಏನು ನೋಡಬೇಕು ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ.

ನಲಿಕಲಿ ಹುಟ್ಟಿದ ಬಗೆ ಒಂದು, ಹರಡಿದ ಬಗೆ ಇನ್ನೊಂದು. ನಮ್ಮ ತರಬೇತಿಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಶಿಕ್ಷಕರಿಗಾದರೂ ಪರಸ್ಪರ ಕಲಿಯುವ ಜಾಗ ಸ್ವಲ್ಪ ಇದೆ. 1994ರಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಶುರುವಾದಾಗ ತಾಲ್ಲೂಕಿಗೊಂದು ಸಂಪನ್ಮೂಲ ಕೇಂದ್ರ, ಹತ್ತಿಪ್ಪತ್ತು ಶಾಲೆಗೊಂದು ಕ್ಲಸ್ಟರ್ ಅಂತ ಮಾಡಿದರು. ಕ್ಲಸ್ಟರಿನಲ್ಲಿ ಸಮಾಲೋಚನಾ ಸಭೆ ನಡೆಯುತ್ತದೆ. ಅದರಲ್ಲೂ ಈಗ ಮಾಹಿತಿ ಕೇಳುವುದೇ ಜಾಸ್ತಿ ಆಗಿದೆ, ಆದರೂ ಸಭೆ ಇದೆ. ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ 2010-11ರಿಂದ ವಿಷಯ ಶಿಕ್ಷಕರ ವೇದಿಕೆ ಅನ್ನುವ ಆನ್‌ಲೈನ್ ಬಳಗ ಇತ್ತು. ಪ್ರಶ್ನೆಪತ್ರಿಕೆ, ಚಿತ್ರ, ಪ್ರಯೋಗದ ವಿಡಿಯೊ ಒಬ್ಬರು ಹಾಕಿದರೆ ಇನ್ನೊಬ್ಬರು ತಿದ್ದಿ ಬಳಸುತ್ತಿದ್ದರು. ಬೀದರಿನ ಮೇಷ್ಟ್ರ ಸಂದೇಹಕ್ಕೆ ಚಾಮರಾಜನಗರದ ಟೀಚರ್ ಉತ್ತರ ಕೊಡಬಹುದಿತ್ತು. ಬಿಇಒಗಳಿಗೆ ಇಂಥದ್ದು ಯಾವುದಿದೆ? ವಾಟ್ಸಾಪ್ ಗ್ರೂಪುಗಳಿವೆ. ಅದರಲ್ಲಿ ಬರುವುದು ‘ತುರ್ತು’, ‘ಅತಿ ತುರ್ತು’, ‘ಇಂದು ಸಂಜೆ 5ರ ಒಳಗೆ’.

ಯಾರು ಯಾರಿಗೆ ಸಮಾನರು?

ಮೇ ತಿಂಗಳು ಬಂತೆಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ. ಟಿವಿಯಲ್ಲಿ ಜಿಲ್ಲೆಗಳ ಪಟ್ಟಿ. ಮೊದಲ ಸ್ಥಾನ ಯಾರಿಗೆ, ಕೊನೆ ಸ್ಥಾನ ಯಾರಿಗೆ. ಕೊನೆಯಲ್ಲಿರುವ ಜಿಲ್ಲೆಯ ಡಿಡಿಪಿಐಗೆ ನೋಟಿಸು. ಅವರಿಂದ ಬಿಇಒಗಳಿಗೆ, ಅವರಿಂದ ಮುಖ್ಯಶಿಕ್ಷಕರಿಗೆ.

ಈ ಪಟ್ಟಿಯಿಂದ ಅಧಿಕಾರಿ ಏನು ಕಲಿಯಬಹುದು? 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಚಿತ್ರದುರ್ಗ ಮೊದಲು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ತಂದರು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಉಡುಪಿ ಶೇ 94 ಪಡೆದು ಮೊದಲಾಯಿತು. ಯಾದಗಿರಿ ಶೇ 50.59ರೊಂದಿಗೆ ಕೊನೆಗೆ ಬಂತು. ಹಿಂದಿನ ವರ್ಷ ಮೊದಲಿದ್ದ ಚಿತ್ರದುರ್ಗ ಮೊದಲ ಹತ್ತರಲ್ಲೂ ಇರಲಿಲ್ಲ. ಒಂದು ವರ್ಷದಲ್ಲಿ ಅಷ್ಟೊಂದು ಶಾಲೆಗಳ ಮಕ್ಕಳು ಕಲಿತದ್ದನ್ನೆಲ್ಲ ಮರೆತುಬಿಟ್ಟರಾ? ಇಲ್ಲ. ಪರೀಕ್ಷೆ ನಡೆಸುವ ರೀತಿ ಬದಲಾಯಿತು, ಪಟ್ಟಿಯೂ ಬದಲಾಯಿತು. ತರಗತಿಯಲ್ಲಿ ಏನು ನಡೆಯುತ್ತಿದೆ ಅಂತ ಈ ಪಟ್ಟಿ ಅಧಿಕಾರಿಗೆ ಹೇಳುವುದು ಬಹಳ ಕಡಿಮೆ. ಆದರೆ ಅವರ ವರ್ಷದ ಕೆಲಸವನ್ನೆಲ್ಲ ಅದೇ ಅಳೆಯುತ್ತದೆ.

‘ಉಡುಪಿಗೆ ಹೋಗಿ ನೋಡಿ ಬನ್ನಿ’ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಹೋಗಿ ನೋಡುವುದು ಒಳ್ಳೆಯದೇ. ಆದರೆ ಯಾದಗಿರಿಯ ಸುರಪುರದ ಬಿಇಒ ಉಡುಪಿಯಿಂದ ಏನು ತರಬಹುದು? ಅಲ್ಲಿ ಅಪ್ಪ ಅಮ್ಮ ಓದಿದವರು. ಶಾಲೆಗೆ ನೂರು ವರ್ಷದ ಚರಿತ್ರೆ, ಹಳೆ ವಿದ್ಯಾರ್ಥಿಗಳ ಬಳಗ. ಇಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಹೆಣ್ಣುಮಕ್ಕಳು ಹೊಲಕ್ಕೆ ಹೋಗುತ್ತಾರೆ. ದಸರಾ ಮುಗಿದ ಮೇಲೆ ಎಷ್ಟೋ ಮನೆಗೆ ಬೀಗ ಬಿದ್ದಿರುತ್ತದೆ, ಸಂಸಾರವೇ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿರುತ್ತದೆ. ಶಿಕ್ಷಕರ ಹುದ್ದೆಗಳು ಖಾಲಿ.

ಸುರಪುರದ ಬಿಇಒಗೆ ನಿಜವಾದ ಸಮಾನರು ಶಹಾಪುರದವರು, ದೇವದುರ್ಗದವರು, ಸೇಡಂನವರು. ಅದೇ ಬಿಸಿಲು, ಅದೇ ವಲಸೆ, ಅಷ್ಟೇ ಖಾಲಿ ಹುದ್ದೆ. ಅವರಲ್ಲಿ ಒಬ್ಬರು ಒಂದು ಕ್ಲಸ್ಟರಿನಲ್ಲಿ ಹೆಣ್ಣುಮಕ್ಕಳನ್ನು ಹತ್ತನೇ ತರಗತಿವರೆಗೆ ಉಳಿಸಿಕೊಂಡಿದ್ದರೆ, ಅವರ ಹತ್ತಿರ ಇರುವುದು ಚಿನ್ನದಂಥ ತಿಳಿವಳಿಕೆ. ಯಾಕೆಂದರೆ ‘ನಿಮ್ಮಲ್ಲಿ ಸೌಕರ್ಯ ಇದೆ, ನಮ್ಮಲ್ಲಿಲ್ಲ’ ಅನ್ನುವ ಮಾತು ಅವರ ಮುಂದೆ ನಡೆಯುವುದಿಲ್ಲ. ಹಾಗೇ ಗಡಿ ಭಾಗದ ಅಧಿಕಾರಿಗಳಿಗೆ ಬೇರೆಯದೇ ಸಮಸ್ಯೆ. ಚಿಕ್ಕೋಡಿ, ಅಥಣಿ ಕಡೆ ಕನ್ನಡ, ಮರಾಠಿ, ಉರ್ದು ಶಾಲೆಗಳು ಒಟ್ಟಿಗೆ ಇವೆ. ಅವರು ಕೂತು ಮಾತಾಡಬೇಕಾದ್ದು ಗಡಿಯಾಚೆ ಜತ್, ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆ ನೋಡಿಕೊಳ್ಳುವ ಅಧಿಕಾರಿಗಳ ಜೊತೆ. ಇಂಥ ಜೋಡಣೆಯನ್ನು ಯಾರೂ ಮಾಡಿಕೊಟ್ಟಿಲ್ಲ. ನಾವು ಅಧಿಕಾರಿಗಳನ್ನು ಸೇರಿಸುವುದು ಜಿಲ್ಲೆ ಪ್ರಕಾರ, ಸಮಸ್ಯೆ ಪ್ರಕಾರ ಅಲ್ಲ.

ವೈದ್ಯರ ರೌಂಡ್ಸ್ ಹಾಗೆ

ಹೊರಗಡೆ ಇದನ್ನು ಮಾಡಿದವರಿದ್ದಾರೆ. ಅಮೆರಿಕದಲ್ಲಿ 13 ಸಾವಿರದಷ್ಟು ಶಾಲಾ ಜಿಲ್ಲೆಗಳಿವೆ, ಒಂದೊಂದಕ್ಕೂ ಒಬ್ಬರು ಸೂಪರಿಂಟೆಂಡೆಂಟ್. ಅಲ್ಲಿನ ಕನೆಕ್ಟಿಕಟ್ ರಾಜ್ಯದಲ್ಲಿ 2001ರಲ್ಲಿ ಇಂಥ ಒಂದಷ್ಟು ಜನ ಸೇರಿ ಒಂದು ಬಳಗ ಕಟ್ಟಿಕೊಂಡರು. ಹಾರ್ವರ್ಡಿನ ಪ್ರಾಧ್ಯಾಪಕ ರಿಚರ್ಡ್ ಎಲ್ಮೋರ್ ಅವರ ಜೊತೆಗಿದ್ದರು. ಆಸ್ಪತ್ರೆಯಲ್ಲಿ ವೈದ್ಯರು ಗುಂಪಾಗಿ ವಾರ್ಡಿಗೆ ಹೋಗಿ ಒಬ್ಬ ರೋಗಿಯ ಮುಂದೆ ನಿಂತು ಚರ್ಚಿಸುತ್ತಾರಲ್ಲ, ರೌಂಡ್ಸ್ ಅಂತೀವಿ. ಅದೇ ರೀತಿ ಇವರು ಒಬ್ಬರ ಶಾಲೆಗೆ ಇನ್ನೊಬ್ಬರು ಹೋಗಲು ಶುರುಮಾಡಿದರು.

ಹೋಗುವ ಮೊದಲು ಆತಿಥೇಯ ಅಧಿಕಾರಿ ತನ್ನ ತೊಡಕು ಏನು ಅಂತ ಬಾಯಿಬಿಟ್ಟು ಹೇಳಬೇಕು. ಉದಾಹರಣೆಗೆ, ‘ನಮ್ಮ ಮಕ್ಕಳು ಲೆಕ್ಕ ಮಾಡ್ತಾರೆ, ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಹೇಳಲ್ಲ.’ ಗುಂಪು ನಾಲ್ಕೈದು ತರಗತಿಗಳಲ್ಲಿ ಇಪ್ಪತ್ತು ನಿಮಿಷದಂತೆ ಕೂರುತ್ತದೆ. ಕಂಡದ್ದನ್ನು ಮಾತ್ರ ಬರೆಯಬೇಕು. ‘ಪಾಠ ಚೆನ್ನಾಗಿತ್ತು’, ‘ಟೀಚರ್‌ಗೆ ಆಸಕ್ತಿ ಇಲ್ಲ’ ಅಂತ ಬರೆಯುವ ಹಾಗಿಲ್ಲ.

ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ನಾನು ಒಮ್ಮೆ ನಮ್ಮ ಸಿಆರ್‌ಪಿಗಳ ಜೊತೆ ಇದನ್ನು ಮಾಡಿ ನೋಡಿದೆ. ಐದನೇ ತರಗತಿಯ ಕನ್ನಡ ಪಾಠ. ಹೊರಗೆ ಬಂದು ಏನು ಕಂಡಿತು ಅಂತ ಕೇಳಿದೆ. ಆರು ಜನರಲ್ಲಿ ಐದು ಜನ ‘ಮಕ್ಕಳು ಚೆನ್ನಾಗಿ ಸ್ಪಂದಿಸಿದರು’ ಅಂತ ಬರೆದಿದ್ದರು. ಒಬ್ಬರು ಮಾತ್ರ ಹೀಗೆ ಬರೆದಿದ್ದರು: ‘ಟೀಚರ್ 11 ಪ್ರಶ್ನೆ ಕೇಳಿದರು. 28 ಮಕ್ಕಳಲ್ಲಿ ಉತ್ತರ ಹೇಳಿದ್ದು 6 ಮಕ್ಕಳು. ಆರೂ ಜನ ಮುಂದಿನ ಎರಡು ಸಾಲಿನವರು. ಕಿಟಕಿ ಪಕ್ಕದ ಹುಡುಗಿ ಪುಸ್ತಕದ ಬೇರೆ ಪುಟ ತೆರೆದಿದ್ದಳು.’ ಇದನ್ನು ಗಟ್ಟಿಯಾಗಿ ಓದಿದ ಮೇಲೆ ಉಳಿದವರೆಲ್ಲ ಸುಮ್ಮನಾದರು. ಅವರೂ ಅದೇ ಕೋಣೆಯಲ್ಲಿ ಕೂತಿದ್ದವರೇ. ತಪಾಸಣೆ ಮಾಡುವ ಕಣ್ಣು ನಮಗೆಲ್ಲ ಅಭ್ಯಾಸವಾಗಿದೆ. ನೋಡುವ ಕಣ್ಣನ್ನು ಬೇರೆಯಾಗಿ ಬೆಳೆಸಿಕೊಳ್ಳಬೇಕು. ಅದು ಒಬ್ಬರೇ ಕೂತು ಬೆಳೆಯುವುದಲ್ಲ, ನಾವು ನೋಡಿದ್ದಕ್ಕೂ ಪಕ್ಕದವರು ನೋಡಿದ್ದಕ್ಕೂ ವ್ಯತ್ಯಾಸ ಕಂಡಾಗ ಬೆಳೆಯುತ್ತದೆ.

ಅಮೆರಿಕದ್ದನ್ನು ಹಾಗೇ ತಂದು ಇಲ್ಲಿ ಹಾಕಿಬಿಡಬಹುದು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಸೂಪರಿಂಟೆಂಡೆಂಟರನ್ನು ನೇಮಿಸುವುದು ಆ ಜಿಲ್ಲೆಯ ಶಾಲಾ ಮಂಡಳಿ. ಪಕ್ಕದ ಜಿಲ್ಲೆಯವರು ಇವರ ಮೇಲಧಿಕಾರಿಯೂ ಅಲ್ಲ, ಬಡ್ತಿಯ ಪಟ್ಟಿಯಲ್ಲಿ ಮುಂದೆ ನಿಂತವರೂ ಅಲ್ಲ. ಹಾಗಾಗಿ ‘ನನಗೆ ಇದು ಬರುತ್ತಿಲ್ಲ’ ಅಂತ ಹೇಳುವುದು ಸುಲಭ. ನಮ್ಮಲ್ಲಿ ಎಲ್ಲರೂ ಒಂದೇ ಇಲಾಖೆ. ಒಂದೇ ಜ್ಯೇಷ್ಠತಾ ಪಟ್ಟಿ. ಇವತ್ತು ಪಕ್ಕದ ತಾಲ್ಲೂಕಿನಲ್ಲಿರುವ ಬಿಇಒ ನಾಳೆ ನಿಮ್ಮದೇ ಜಿಲ್ಲೆಗೆ ಉಪನಿರ್ದೇಶಕರಾಗಿ ಬರಬಹುದು. ನಮ್ಮ ಮೇಡಂ ಹೇಳಿದ ಮಾತಿನ ಹಿಂದೆ ಇದ್ದದ್ದು ಈ ಭಯವೇ.

ನಮ್ಮಲ್ಲಿ ಹೇಗೆ ಆಗಬಹುದು

ಅದಕ್ಕೇ ನಮ್ಮಲ್ಲಿ ಇದು ಆಗಬೇಕಾದರೆ ಮೊದಲು ಆ ಭಯಕ್ಕೆ ಒಂದು ದಾರಿ ಮಾಡಬೇಕು. ಐದಾರು ಬಿಇಒಗಳ ಒಂದು ಗುಂಪು. ಒಂದೇ ಜಿಲ್ಲೆಯವರಾಗದೆ, ಒಂದೇ ಬಗೆಯ ಸಮಸ್ಯೆ ಇರುವ ಎರಡು ಮೂರು ಜಿಲ್ಲೆಯವರಾದರೆ ಒಳ್ಳೆಯದು. ಎರಡು ತಿಂಗಳಿಗೊಮ್ಮೆ ಒಂದು ದಿನ ಒಬ್ಬರ ತಾಲ್ಲೂಕಿಗೆ ಹೋಗಬೇಕು. ಬೆಳಿಗ್ಗೆ ಎರಡು ಶಾಲೆ, ಮಧ್ಯಾಹ್ನ ಮಕ್ಕಳ ಜೊತೆ ಬಿಸಿಯೂಟ, ಆಮೇಲೆ ಅಲ್ಲೇ ಒಂದು ಕೋಣೆಯಲ್ಲಿ ಕೂತು ಮಾತು. ಮೇಲಧಿಕಾರಿ ಬರಬಾರದು. ಅಲ್ಲಿ ಆಡಿದ ಮಾತು ವರದಿಯಾಗಿ ಮೇಲೆ ಹೋಗಬಾರದು. ಗ್ರೂಪಿಗೆ ಫೋಟೊ ಹಾಕಬಾರದು. ಫೋಟೊ ಹಾಕಬೇಕು ಅಂದ ತಕ್ಷಣ ಶಾಲೆಗೆ ಬಣ್ಣದ ಕಾಗದ ಅಂಟುತ್ತದೆ, ಸ್ವಾಗತ ಗೀತೆ ಶುರುವಾಗುತ್ತದೆ, ನಿಜ ಮರೆಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ‘ಇನ್‌ಸ್ಪೆಕ್ಟರು ಬರ್ತಾರೆ’ ಅಂದರೆ ಇಡೀ ಶಾಲೆ ತೊಳೆಯುತ್ತಿದ್ದ ಕಾಲ ಎಲ್ಲರಿಗೂ ನೆನಪಿದೆ. ಆ ನೆನಪು ಶಿಕ್ಷಕರ ಮನಸ್ಸಿನಿಂದ ಒಂದೇ ದಿನಕ್ಕೆ ಹೋಗುವುದಿಲ್ಲ.

ಇದನ್ನು ನಡೆಸಿಕೊಡುವ ಜಾಗ ಡಯಟ್. ಅದು ತಪಾಸಣೆ ಮಾಡುವ ಕಚೇರಿಯಲ್ಲ, ಕಲಿಸುವ ಸಂಸ್ಥೆ. ಅಲ್ಲಿನ ಉಪನ್ಯಾಸಕರು ಇಂಥ ಗುಂಪುಗಳ ಜೊತೆ ವರ್ಷವಿಡೀ ಇರಬಹುದು, ಹಿಂದಿನ ಸಲ ಏನು ಮಾಡುತ್ತೇನೆ ಅಂದಿರಿ, ಮಾಡಿದಿರಾ ಅಂತ ನೆನಪಿಸಬಹುದು. ಆದರೆ ಎಷ್ಟೋ ಡಯಟ್‌ಗಳಲ್ಲಿ ಹುದ್ದೆಗಳು ಖಾಲಿ ಇವೆ. ಇರುವವರೂ ತರಬೇತಿ ಲೆಕ್ಕ, ಬಿಲ್ಲು, ಪರೀಕ್ಷಾ ಕೆಲಸದಲ್ಲಿ ಮುಳುಗಿದ್ದಾರೆ. ಡಯಟ್ ಗಟ್ಟಿಯಾಗದೆ ಇದು ನಿಲ್ಲುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ವರ್ಗಾವಣೆ. ಶಿಕ್ಷಕರ ವರ್ಗಾವಣೆಗೆ 2007ರಿಂದಲೇ ಕಾಯ್ದೆ ಇದೆ, ಕೌನ್ಸೆಲಿಂಗ್ ಇದೆ. ಬಿಇಒಗಳಿಗೆ ಒಂದೇ ತಾಲ್ಲೂಕಿನಲ್ಲಿ ಇಂತಿಷ್ಟು ವರ್ಷ ಖಂಡಿತ ಇರುತ್ತೇನೆ ಅನ್ನುವ ನೆಮ್ಮದಿ ಇರುವುದಿಲ್ಲ. ಕೆಲವು ಕಡೆ ವರ್ಷದೊಳಗೆ ಬದಲು, ಕೆಲವು ಕಡೆ ತಿಂಗಳುಗಟ್ಟಲೆ ‘ಪ್ರಭಾರ’. ತಾಲ್ಲೂಕಿನ ಶಾಲೆಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಹೊರಡುವವರು ಏನು ಕಲಿತಾರು, ಯಾರಿಗೆ ಕಲಿಸಿಯಾರು? ಕನಿಷ್ಠ ಮೂರು ವರ್ಷ ಒಂದೇ ಕಡೆ ಇರಲು ಬಿಡದೆ, ಅಧಿಕಾರಿಗಳ ನಾಯಕತ್ವದ ಬಗ್ಗೆ ಎಷ್ಟು ಕಾರ್ಯಾಗಾರ ಮಾಡಿದರೂ ಅದು ನೀರಿನಲ್ಲಿ ಹೋಮ ಮಾಡಿದ ಹಾಗೆ.

‘ಟೈಮ್ ಎಲ್ಲಿದೆ?’ ಅಂತ ಅಧಿಕಾರಿಗಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ತಿಂಗಳಲ್ಲಿ ಎಷ್ಟು ವಿಸಿ, ಎಷ್ಟು ಪರಿಶೀಲನಾ ಸಭೆ ಅಂತ ಒಬ್ಬ ಬಿಇಒ ಡೈರಿ ತೆಗೆದು ಎಣಿಸಿದರೆ ಸಾಕು. ಸ್ಯಾಟ್ಸ್‌ನಲ್ಲಿ (ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆ), ಯುಡೈಸ್‌ನಲ್ಲಿ ಆಗಲೇ ಇರುವ ಅಂಕಿಯನ್ನು ಮತ್ತೆ ಬಾಯಿಮಾತಿನಲ್ಲಿ ಕೇಳುವ ಸಭೆಗಳನ್ನು ಅರ್ಧಕ್ಕೆ ಇಳಿಸಿದರೂ ಎರಡು ತಿಂಗಳಿಗೆ ಒಂದು ದಿನ ಆರಾಮಾಗಿ ಸಿಗುತ್ತದೆ. ಹಣವೂ ಹೆಚ್ಚು ಬೇಡ. ಒಂದು ಜೀಪು, ಡೀಸೆಲ್ಲು.

ಪಕ್ಕದ ತಾಲ್ಲೂಕಿನ ಆ ಬಿಇಒ ಮತ್ತು ನಮ್ಮ ಮೇಡಂ ಕೊನೆಗೂ ಭೇಟಿಯಾದರು. ಡಯಟ್‌ನ ಒಬ್ಬ ಉಪನ್ಯಾಸಕರು ಇಬ್ಬರಿಗೂ ಪರಿಚಯದವರು, ಅವರೇ ಮುಂದೆ ನಿಂತು ಒಂದು ದಿನ ಗೊತ್ತುಮಾಡಿದರು. ಆದೇಶ ಇಲ್ಲ, ಸುತ್ತೋಲೆ ಇಲ್ಲ. ನಾನೂ ಜೊತೆಗೆ ಹೋಗಿದ್ದೆ. ಎರಡು ಶಾಲೆ ನೋಡಿ, ಅಡುಗೆಯವರು ಬಡಿಸಿದ ಅನ್ನ ಸಾಂಬಾರು ಉಂಡು, ಮುಖ್ಯಶಿಕ್ಷಕರ ಕೋಣೆಯಲ್ಲಿ ಕೂತೆವು.

ಮೇಡಂ ನೇರವಾಗಿ ಕೇಳಿದರು. ‘ಹಾಜರಾತಿ ಹೇಗೆ ಏರಿಸಿದ್ರಿ ಸರ್?’

ಅವರು ಹೇಳಿದ್ದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಸಂತೆ ದಿನ ಮಕ್ಕಳು ಕಡಿಮೆ ಬರುವುದನ್ನು ಗಮನಿಸಿದ್ದರು. ಆ ದಿನವೇ ಆಟ, ಹಾಡು, ಲೈಬ್ರರಿ ಅವಧಿ ಇಡಿಸಿದ್ದರು. ಸತತ ಮೂರು ದಿನ ಬಾರದ ಮಕ್ಕಳ ಪಟ್ಟಿ ಬೇರೆ ಬರೆಸಿ, ಅವರ ಮನೆಗೆ ಬೆಳಿಗ್ಗೆ 8ರ ಒಳಗೆ ಹೋಗಿ ಅಂತ ಸಿಆರ್‌ಪಿಗಳಿಗೆ ಹೇಳಿದ್ದರು. ಅದಕ್ಕೆ ಸಮಯ ಸಿಗಲಿ ಅಂತ ವಾರದಲ್ಲಿ ಎರಡು ದಿನ ಅವರನ್ನು ಕಚೇರಿಗೆ ಕರೆಯುವುದನ್ನೇ ನಿಲ್ಲಿಸಿದ್ದರು.

ಹೇಳಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆದ್ರೆ ಎರಡು ಕ್ಲಸ್ಟರಲ್ಲಿ ಏನೂ ಆಗಿಲ್ಲ ಮೇಡಂ. ವಿಸಿಲಿ ಅದನ್ನ ಹೇಳಲಿಲ್ಲ. ಅಲ್ಲಿ ಮನೆಗೇ ಬೀಗ. ಕಬ್ಬು ಕಡಿಯೋಕೆ ಹೋಗಿಬಿಟ್ಟಿರ್ತಾರೆ’ ಅಂದರು.

ಮೇಡಂ ಮುಖ ಅರಳಿತು. ನಮ್ಮ ತಾಲ್ಲೂಕಿನಲ್ಲಿ ಅದು ಹಳೆಯ ಸಮಸ್ಯೆ. ಕಬ್ಬಿನ ಗ್ಯಾಂಗುಗಳು ಎಲ್ಲಿ ಗುಡಿಸಲು ಹಾಕುತ್ತವೆ ಅಂತ ಮುಂಚೆಯೇ ತಿಳಿದುಕೊಂಡು ಅಲ್ಲೇ ಟೆಂಟ್ ಶಾಲೆ ನಡೆಸಿದ್ದು, ಅಜ್ಜ ಅಜ್ಜಿ ಇರುವ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಹೊರಡುವ ತಿಂಗಳ ಮೊದಲೇ ಮನೆಯವರ ಜೊತೆ ಮಾತಾಡಿದ್ದು, ಎರಡು ಕಡೆ ಆಗಿದ್ದು, ಒಂದು ಕಡೆ ಕೆಟ್ಟದ್ದು, ಎಲ್ಲವನ್ನೂ ಮೇಡಂ ವಿವರವಾಗಿ ಹೇಳುತ್ತಾ ಹೋದರು. ಹಾಜರಾತಿ ಪಟ್ಟಿಯಲ್ಲಿ ಕೊನೆಯಲ್ಲಿದ್ದ ತಾಲ್ಲೂಕಿನ ಬಿಇಒ ಅವರು.

ಆ ಸರ್ ಜೇಬಿನಿಂದ ಪೆನ್ನು ತೆಗೆದು ಡೈರಿಯಲ್ಲಿ ಬರೆದುಕೊಳ್ಳತೊಡಗಿದರು. ನಡುವೆ ಒಮ್ಮೆ ತಲೆ ಎತ್ತಿ, ‘ಗ್ಯಾಂಗಿನ ಮುಕಾದಮರ ಹತ್ರ ಮಾತಾಡಿದ್ದು ನೀವೇನಾ, ಸಿಆರ್‌ಪಿನಾ?’ ಅಂತ ಕೇಳಿದರು.